ಕಾರ್ಖಾನೆಯೊಳಗೊಂದು ಜಗಲಿ

ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆ ಕೇಳಿ ನಗದವರಿಲ್ಲ. ನಾನು ನಿವೃತ್ತಳಾಗುವವರೆಗೆ ಮಾಡಿದ ಕೆಲಸ ಆ ಹೆಂಗಸಿನ ಪರವಾಗಿ ವಕಾಲತ್ತು ವಹಿಸುವುದು. ಸೇರಿದ ದಿನವೇ ನಮ್ಮ ಪಿಂಟೊ ಸಾರ್ ನನ್ನನ್ನು ಎದುರು ಕೂರಿಸಿ ಹೇಳಿದ್ದರು:

"ಅವಳಿಗೆ ಕುಣೀಲಿಕ್ಕೆ ಬರುವುದಿಲ್ಲ ಅಂತ ಊರೆಲ್ಲ ಹೇಳ್ತದೆ. ಒಬ್ಬನಾದ್ರೂ ಬಗ್ಗಿ ನೆಲ ನೋಡಿದ್ದುಂಟಾ? ನೀನು ಬಗ್ಗಿ ನೋಡು. ಡೊಂಕಿದ್ರೆ ಸರಿ ಮಾಡುವ. ಇಷ್ಟೇ ನಮ್ಮ ಕೆಲಸ."

ಪಿಂಟೊ ಸಾರ್ ಮೊದಲು ಬಡಗಿ ಕೆಲಸ ಕಲಿಸುವ ಮೇಷ್ಟ್ರಾಗಿದ್ದವರು. ಆಮೇಲೆ ಅಂಗವಿಕಲರಿಗೆ ಉದ್ಯೋಗ ಹುಡುಕಿಕೊಡುವ ಸಣ್ಣದೊಂದು ಸಂಸ್ಥೆಗೆ ಮುಖ್ಯಸ್ಥರಾಗಿ ಬಂದರು. ಬಿ.ಸಿ. ರೋಡಿನ ಹಳೆಯ ಕಟ್ಟಡವೊಂದರ ಮಹಡಿಯಲ್ಲಿ ನಮ್ಮ ಕಚೇರಿ. ನಮ್ಮ ಹತ್ತಿರ ಬರಬೇಕಾದವರು ಯಾರೂ ಹತ್ತಿ ಬರಲಾರದಂಥ ಕಡಿದಾದ ಮೆಟ್ಟಿಲು. ಹಾಗಾಗಿ ನಾವೇ ಇಳಿದು ಅವರಿದ್ದಲ್ಲಿಗೆ ಹೋಗುತ್ತಿದ್ದೆವು. ನಾವು ಎಂದರೆ ಮುಖ್ಯವಾಗಿ ನಾನು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರು ತಾಲೂಕಿನ ಗೇರುಬೀಜದ ಕಾರ್ಖಾನೆ, ಹೊಲಿಗೆ ಅಂಗಡಿ, ಹೆಂಚಿನ ಕಾರ್ಖಾನೆ, ಕಚೇರಿ ಎಲ್ಲ ನನ್ನ ಪಾಲಿಗೆ.

ಈ ವಿದ್ಯೆಗೆ ಎರ್ಗೊನಾಮಿಕ್ಸ್ ಎಂದು ಹೆಸರು. ಕೆಲಸಕ್ಕೆ ತಕ್ಕಂತೆ ಮನುಷ್ಯನನ್ನು ಬಗ್ಗಿಸದೆ, ಮನುಷ್ಯನಿಗೆ ತಕ್ಕಂತೆ ಮೇಜು, ಕುರ್ಚಿ, ಹಿಡಿ, ಬೆಳಕುಗಳನ್ನು ಬಗ್ಗಿಸುವುದು. ಊರವರಿಗೆ ಇಷ್ಟುದ್ದದ ವಿವರಣೆ ಬೇಕಿರಲಿಲ್ಲ. ಅವರ ಬಾಯಲ್ಲಿ ನಾನು 'ಟೇಪು ಟೀಚರ್'. ಬಸ್ಸಿನ ಕಂಡಕ್ಟರರು ಬಹಳ ಕಾಲ ನನ್ನನ್ನು ದರ್ಜಿ ಎಂದೇ ತಿಳಿದಿದ್ದರು. ಒಬ್ಬರಂತೂ ತಮ್ಮ ಮಗಳ ಮದುವೆಯ ರವಿಕೆ ಹೊಲಿದುಕೊಡುತ್ತೀರಾ ಎಂದು ಕೇಳಿಯೂ ಬಿಟ್ಟರು.

ಮೊನ್ನೆ ಮಿಜಾರಿನ ಕಡೆ ಕಾಲೇಜು ಕಲಿಯುವ ಇಬ್ಬರು ಹುಡುಗಿಯರು ಮನೆ ಹುಡುಕಿಕೊಂಡು ಬಂದಿದ್ದರು. ಇದೇ ವಿದ್ಯೆ ಕಲಿಯುತ್ತಿದ್ದಾರಂತೆ. ಮೊಬೈಲಿನಲ್ಲಿ ಫೋಟೋ ತೆಗೆದರೆ ಸಾಕು, ಬೆನ್ನು ಎಷ್ಟು ಬಾಗಿದೆ, ಮೊಣಕೈ ಎಲ್ಲಿದೆ ಎಂದು ಅದೇ ಹೇಳುತ್ತದೆ. ನನ್ನ ಕಾಲದಲ್ಲಿ ಅದಕ್ಕೆ ಅರ್ಧ ದಿನ ಬೇಕಿತ್ತು. ಸಂತೋಷವಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. "ಮೇಡಂ, ಫೀಲ್ಡಿನಲ್ಲಿ ಕಷ್ಟದ್ದು ಯಾವುದು?" ಎಂದು ಅವರು ಕೇಳಿದಾಗ ಏನೋ ಒಂದು ಹೇಳಿ, ಚಹಾ ಕೊಟ್ಟು ಕಳಿಸಿದೆ. ಅವರು ಹೋದ ಮೇಲೆ, ಹೇಳಬೇಕಾದದ್ದನ್ನು ಹೇಳಲಿಲ್ಲವಲ್ಲ ಎಂದು ಅನಿಸಿತು. ಅದಕ್ಕೇ ಈ ಬರಹ.

ಮಕ್ಕಳೇ, ಕಷ್ಟದ್ದು ಒಂಟಿತನ. ಈ ಮೂರು ತಾಲೂಕುಗಳಲ್ಲಿ ನನ್ನ ಕಸುಬಿನವರು ಇನ್ನೊಬ್ಬರಿರಲಿಲ್ಲ. ಕಾರ್ಖಾನೆಗೆ ಕಾಲಿಟ್ಟರೆ ಧನಿಗಳು ನನ್ನನ್ನು ಕೆಲಸದವರ ಪೈಕಿ ಎಂದುಕೊಳ್ಳುತ್ತಿದ್ದರು, ಕೆಲಸದವರು ಧನಿಗಳ ಪೈಕಿ ಎಂದುಕೊಳ್ಳುತ್ತಿದ್ದರು. ಮಧ್ಯಾಹ್ನ ಮ್ಯಾನೇಜರರ ಕೋಣೆಯಲ್ಲಿ, ಫ್ಯಾನಿನ ಕೆಳಗೆ, ನನಗೊಬ್ಬಳಿಗೇ ಊಟಕ್ಕೆ ಮೇಜು ಒರೆಸಿಕೊಡುತ್ತಿದ್ದರು. ಅದು ಮರ್ಯಾದೆ. ಮರ್ಯಾದೆಯ ಅನ್ನ ಗಂಟಲಲ್ಲಿ ಇಳಿಯುವುದು ನಿಧಾನ. ಮದುವೆಯೊಂದು ಆಗಿದ್ದರೆ ಸಂಜೆಯಾದರೂ ಯಾರಿಗಾದರೂ ಹೇಳಿಕೊಳ್ಳಬಹುದಿತ್ತೋ ಏನೋ, ಅದು ಆಗಲಿಲ್ಲ. ನರಿಕೊಂಬಿನಲ್ಲಿ ಬಾಡಿಗೆ ಮನೆ, ಹಿಂದುಗಡೆ ಹೊಳೆ. ಮಾತಾಡಬೇಕೆನಿಸಿದರೆ ರೇಡಿಯೋ ಹಾಕುತ್ತಿದ್ದೆ.

ಹಾಗೆಂದು ನಗು ಇರಲಿಲ್ಲ ಎಂದಲ್ಲ. ಬೆಳ್ತಂಗಡಿಯ ಪೇಟೆಯಲ್ಲಿ ಯಶೋದಾ ಎಂಬ ದರ್ಜಿ ಇದ್ದರು. ಅವರ ಸೊಂಟ ನೋವಿಗೆ ಔಷಧಿ ಮಾಡದ ವೈದ್ಯರಿಲ್ಲ. ಹೋಗಿ ನೋಡಿದರೆ, ಮೋಟಾರಿನ ಹೊಲಿಗೆ ಯಂತ್ರ ಬಂದ ಮೇಲೆ ಅವರ ಎಡಗಾಲಿಗೆ ಊರಲು ಜಾಗವೇ ಇಲ್ಲ, ಗಾಳಿಯಲ್ಲಿ ತೂಗುತ್ತಿದೆ. ಇಳಿಜಾರಾದ ಒಂದು ಕಾಲುಮಣೆ ಮಾಡಿಸಿಕೊಟ್ಟೆ. ನೋವು ಕಡಿಮೆಯಾಯಿತು, ನನ್ನ ಹೆಸರು ಪೇಟೆಯಲ್ಲಿ ಓಡಾಡಿತು. ನವರಾತ್ರಿ ಕಳೆದ ಮೇಲೆ ನಾನು ಹೋದಾಗ ಯಶೋದಾ ಮತ್ತೆ ಸೊಂಟ ಹಿಡಿದುಕೊಂಡು ಕೂತಿದ್ದರು. ಕಾಲುಮಣೆ ಎಲ್ಲಿ ಎಂದರೆ ಗೋಡೆ ತೋರಿಸಿದರು. ಆಯುಧಪೂಜೆಯ ದಿನ ಕತ್ತರಿ, ಯಂತ್ರ, ಇಸ್ತ್ರಿಪೆಟ್ಟಿಗೆಯ ಜೊತೆ ಅದನ್ನೂ ಇಟ್ಟು, ಕುಂಕುಮ ಹಚ್ಚಿ, ಸೇವಂತಿಗೆ ಮಾಲೆ ಹಾಕಿ, ಆರತಿ ಎತ್ತಿದ್ದರು.

"ಪೂಜೆ ಆದ ವಸ್ತುವಿಗೆ ಕಾಲು ಇಡುವುದು ಹೇಗೆ ಟೀಚರ್? ನೀವೇ ಹೇಳಿ."

ನನ್ನ ಟೇಪಿಗೂ ಆ ದಿನ ಅಮ್ಮ ಕುಂಕುಮ ಹಚ್ಚುತ್ತಿದ್ದವರೇ. ಹೊಸದೊಂದು ಮಣೆ ಮಾಡಿಸಿದೆ. ಈ ಸಲ ಪಾಲಿಶ್ ಇಲ್ಲ, ಚಂದ ಇಲ್ಲ. ಇದು ಆಯುಧ ಅಲ್ಲ, ಹಳೆ ಹಲಗೆ, ಪೂಜೆಯ ಹಿಂದಿನ ದಿನ ಹಿತ್ತಿಲಿಗೆ ಬಿಸಾಡಿ, ಮಾರನೆಯ ದಿನ ಹೆಕ್ಕಿಕೊಂಡು ಬನ್ನಿ ಎಂದೆ. ಹಾಗೆಯೇ ನಡೆಯಿತು. ಪಿಂಟೊ ಸಾರಿಗೆ ಹೇಳಿದರೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಅಳತೆ ಸರಿಯಾದರೆ ಅರ್ಧ ಕೆಲಸ ಆಯಿತು ಎಂದು ಆಗ ಕಲಿತೆ. ಉಳಿದ ಅರ್ಧವನ್ನು ಸುಮತಿ ಕಲಿಸಿದಳು.

ಸುಮತಿ ಬೆಳುವಾಯಿಯವಳು. ಚಿಕ್ಕಂದಿನಲ್ಲಿ ಜ್ವರ ಬಂದು ಎಡಗಾಲು ಬಲ ಕಳೆದುಕೊಂಡಿತ್ತು. ಮಡಚಿ ಕೂರಲು ಆಗದು, ಇಳಿಬಿಟ್ಟು ಕೂತರೆ ಸುಖ. ಕೆಲಸ ಮಾಡುತ್ತಿದ್ದದ್ದು ಮೂಡುಬಿದಿರೆ ಕಡೆಯ ಒಂದು ಗೇರುಬೀಜದ ಕಾರ್ಖಾನೆಯಲ್ಲಿ. ಬೀಜ ಬೇಯಿಸಿ, ಒಡೆದು, ಒಣಗಿಸಿದ ಮೇಲೆ ತಿರುಳಿನ ಮೈಗೆ ತೆಳ್ಳಗೆ ಕೆಂಪು ಸಿಪ್ಪೆಯೊಂದು ಉಳಿಯುತ್ತದಲ್ಲ, ಅದನ್ನು ಸಣ್ಣ ಚೂರಿಯಿಂದ ತಿರುಳು ತುಂಡಾಗದಂತೆ ಬಿಡಿಸುವ ವಿಭಾಗ. ಎಂಟು ಹೆಂಗಸರು ನೆಲದ ಮೇಲೆ ಸುತ್ತ ಕೂತು, ನಡುವೆ ರಾಶಿ ಹಾಕಿಕೊಂಡು ಬಿಡಿಸುತ್ತಿದ್ದರು. ಸುಮತಿಯ ಆ ಕಾಲು ಮಾತ್ರ ರಾಶಿಯ ಪಕ್ಕ ಚಾಚಿಕೊಂಡಿರುತ್ತಿತ್ತು. ಅದರ ಮೇಲೆ ಬಾಗಿ ಬಾಗಿ ಅವಳ ಬೆನ್ನು ಹಾಳಾಗಿತ್ತು. ಏಳುವಾಗ ಇಬ್ಬರು ಹಿಡಿದು ಎತ್ತಬೇಕು. ಡಾಕ್ಟರು ಈ ಕೆಲಸ ಬಿಟ್ಟುಬಿಡು ಎಂದಿದ್ದರು.

ಧನಿ ಜಯಕರ ಶೆಟ್ರು ಕೆಟ್ಟವರಲ್ಲ. ಗಲ್ಫಿನಲ್ಲಿ ಹೋಟೆಲು ನಡೆಸಿ ಬಂದವರು, ಹೊಸದು ಎಂದರೆ ಹೆದರುವವರಲ್ಲ. ಅವರೇ ನಮಗೆ ಫೋನು ಮಾಡಿ ಕರೆಸಿದ್ದು. "ಅವಳನ್ನು ಬಿಡಿಸ್ಲಿಕ್ಕೆ ನನಗೆ ಮನಸ್ಸಿಲ್ಲ ಟೀಚರ್. ಆದ್ರೆ ಹೀಗೆ ನೋವು ತಿಂದುಕೊಂಡು ಕೂತ್ಕೊಳ್ಳುವುದನ್ನು ನೋಡ್ಲಿಕ್ಕೂ ಆಗುವುದಿಲ್ಲ. ಏನಾದ್ರೂ ದಾರಿ ಉಂಟಾ ನೋಡಿ."

ನಾನು ಸುಮತಿಯ ಮೊಣಕೈ ಎತ್ತರ ಅಳೆಯುತ್ತಿರುವಾಗ ಅವಳು ತಗ್ಗಿದ ದನಿಯಲ್ಲಿ ಒಂದು ಮಾತು ಹೇಳಿದಳು. ಕಾರ್ಖಾನೆಯವರೆಲ್ಲ ತುಳುವಿನಲ್ಲಿ ಆಡಿದ್ದನ್ನು ನಾನಿಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ಕೆಲಸ ಹೋದ್ರೆ ಅಣ್ಣನ ಮನೆಯ ಹಿಂದಿನ ಚಾವಡಿಯಲ್ಲಿ ಬೀಡಿ ಕಟ್ಟುವುದು. ಅಣ್ಣ ಅತ್ತಿಗೆ ಇಬ್ಬರೂ ಬೆಳಿಗ್ಗೆ ಹೋದ್ರೆ ಬರುವುದು ಕತ್ತಲೆಗೆ. ಬೀಡಿಗೆ ಬಾಯಿ ಇಲ್ಲ ಟೀಚರ್. ಇಲ್ಲಿ ಏಳು ಬಾಯಿ ಉಂಟು. ಹೇಗಾದ್ರೂ ಮಾಡಿ ನನ್ನನ್ನು ಇಲ್ಲಿ ಉಳಿಸಿ."

ಅವಳು ಕೇಳಿದ್ದು ಸ್ಪಷ್ಟವಾಗಿಯೇ ಇತ್ತು. ನಾನು ಕೇಳಿಸಿಕೊಂಡದ್ದು ಬೆನ್ನುನೋವನ್ನು.

ಕಿಟಕಿಯ ಹತ್ತಿರ, ಬೆಳಕು ಎಡಗಡೆಯಿಂದ ಬೀಳುವಂತೆ, ಅವಳಿಗೆ ಒಂದು ಮೇಜು, ಕೈಯೂರುವ ಕುರ್ಚಿ, ಕಾಲಿಗೆ ಹಲಗೆ ಎಲ್ಲ ಹೊಂದಿಸಿದೆವು. ಮೇಜಿಗೆ ತುಸು ಎತ್ತಿದ ಅಂಚು, ಬೀಜ ಉರುಳಿ ಬೀಳದಂತೆ. ನಾನು ಅದುವರೆಗೆ ಮಾಡಿದ ಕೆಲಸಗಳಲ್ಲೇ ಅಚ್ಚುಕಟ್ಟಾದದ್ದು. ಒಂದೆರಡು ವಾರದಲ್ಲಿ ಬೆನ್ನು ನೋವು ಇಳಿಯಿತು, ಬಿಡಿಸುವ ವೇಗ ಹೆಚ್ಚಿತು, ತಿರುಳು ತುಂಡಾಗುವುದು ನಿಂತಿತು. ಶೆಟ್ರು ಬಂದವರನ್ನೆಲ್ಲ ಕರೆದುಕೊಂಡು ಹೋಗಿ ತೋರಿಸಿದರು. ಪಿಂಟೊ ಸಾರ್ ಫೋಟೋ ನೋಡಿ, "ಚಂದ ಉಂಟು" ಎಂದರು. ಅವರ ಬಾಯಿಂದ ಆ ಮಾತು ಬರುವುದು ಅಪರೂಪ.

ಮಳೆಗಾಲ ಮುಗಿಯುವ ಹೊತ್ತಿಗೆ ಶೆಟ್ರ ಫೋನು ಬಂತು. "ಟೀಚರ್, ಅವಳು ಕೆಲಸ ಬಿಡ್ತೇನೆ ಅಂತಾಳೆ ಮಾರಾಯ್ರೆ. ನೋವು ಉಂಟಾ ಅಂದ್ರೆ ಇಲ್ಲ ಅಂತಾಳೆ. ಯಾರಾದ್ರೂ ಬೈದ್ರಾ ಅಂದ್ರೆ ಅದೂ ಇಲ್ಲ. ಮತ್ತೆ ಎಂತ ಅಂದ್ರೆ ತಲೆ ತಗ್ಗಿಸ್ತಾಳೆ."

ಮರುದಿನವೇ ಹೋದೆ. ಹೋಗಿ ತಲುಪಿದ್ದು ಸರಿಯಾಗಿ ಊಟದ ಹೊತ್ತಿಗೆ. ಅದುವರೆಗೆ ನಾನು ಆ ವಿಭಾಗವನ್ನು ಊಟದ ಹೊತ್ತಿನಲ್ಲಿ ನೋಡಿಯೇ ಇರಲಿಲ್ಲ, ಆಗ ನಾನು ಮ್ಯಾನೇಜರರ ಕೋಣೆಯಲ್ಲಿರುತ್ತಿದ್ದೆನಲ್ಲ. ಆ ದಿನ ಬಾಗಿಲಲ್ಲೇ ನಿಂತೆ.

ಈ ಹೆಂಗಸರ ಊಟಕ್ಕೆ ಒಂದು ಪದ್ಧತಿ ಇತ್ತು. ಎಲ್ಲರೂ ಬುತ್ತಿ ಬಿಚ್ಚಿ, ತಮ್ಮ ಮನೆಯಿಂದ ತಂದ ಪದಾರ್ಥವನ್ನು, ಅಂದರೆ ಅನ್ನಕ್ಕೆ ಕಲಸಿಕೊಳ್ಳುವ ಪಲ್ಯವನ್ನೋ ಸಾರನ್ನೋ, ಬುತ್ತಿಯ ಮುಚ್ಚಳಕ್ಕೆ ಹಾಕಿ, ಒಂದು ಚಮಚ ತಾವು ಇಟ್ಟುಕೊಂಡು ಎಡಗಡೆಗೆ ದಾಟಿಸುವುದು. ಎಡಗಡೆಯವಳು ಒಂದು ಚಮಚ ತೆಗೆದುಕೊಂಡು ಮುಂದಕ್ಕೆ. ಮುಚ್ಚಳಗಳು ಸುತ್ತು ಹೊಡೆದು ಬರುವಷ್ಟರಲ್ಲಿ ಪ್ರತಿಯೊಬ್ಬಳ ಅನ್ನದ ಮೇಲೆ ಎಂಟು ಮನೆಯ ಪದಾರ್ಥ. ಮೀನು ತಿನ್ನದವಳು ಒಬ್ಬಳಿದ್ದಳು, ಅವಳಲ್ಲಿಗೆ ಬಂದಾಗ ಒಣಮೀನಿನ ಮುಚ್ಚಳ ಅವಳ ತಲೆಯ ಮೇಲಿಂದ ಹಾರಿ ಮುಂದಿನವಳ ಕೈ ಸೇರುತ್ತಿತ್ತು. ಮುಚ್ಚಳದ ಜೊತೆ ಊರ ಸುದ್ದಿಯೂ ಸುತ್ತುತ್ತಿತ್ತು. ಯಾರ ಮನೆಗೆ ನೆಂಟರು, ಯಾರ ದನ ಕರು ಹಾಕಿತು, ಯಾರ ಸೊಸೆ ಮಾತು ಬಿಟ್ಟಳು ಎಲ್ಲ.

ಸುಮತಿ ಈಗ ಮೇಜಿನೆದುರು, ಎತ್ತರದಲ್ಲಿ, ಕಿಟಕಿಯ ಪಕ್ಕ. ನೆಲದಿಂದ ಅಲ್ಲಿಗೆ ಮುಚ್ಚಳ ದಾಟುವುದಿಲ್ಲ. ಆದರೆ ಅವರು ಅವಳನ್ನು ಮರೆತಿರಲಿಲ್ಲ, ಅದೇ ಫಜೀತಿ. ಎಲ್ಲರಿಗಿಂತ ಹಿರಿಯರಾದ ಗಿರಿಜಕ್ಕ ಎದ್ದು, ಸ್ಟೀಲಿನ ತಟ್ಟೆಯೊಂದರಲ್ಲಿ ಏಳೂ ಪದಾರ್ಥವನ್ನು ಬೇರೆ ಬೇರೆಯಾಗಿ ಬಡಿಸಿ, ತಾವು ತಿನ್ನುವ ಮೊದಲೇ ಒಯ್ದು ಮೇಜಿನ ಮೇಲಿಟ್ಟು, "ಊಟ ಮಾಡಿ" ಎಂದು ಬಂದು ಕೂತರು. ಮನೆಗೆ ಬಂದ ಬೀಗಿತ್ತಿಗೆ ಬಡಿಸಿದ ಹಾಗೆ. ಕುರ್ಚಿಯಲ್ಲಿ ಕೂತವಳು ಎಂದು ತಮಾಷೆಗೆ ಬಹುವಚನ ಹಾಕಲು ಶುರುಮಾಡಿದ್ದಂತೆ, ಅದು ಈಗ ಅಭ್ಯಾಸವಾಗಿತ್ತು. ಕೆಳಗೆ ಏನೋ ಒಂದು ಮಾತಿಗೆ ಎಲ್ಲರೂ ನಕ್ಕರು. ಸುಮತಿಗೆ ಅರ್ಧ ಕೇಳಿಸಿರಬೇಕು. ಅವಳೂ ನಕ್ಕಳು, ಒಂದು ಗಳಿಗೆ ತಡವಾಗಿ.

ಆ ತಡವಾದ ನಗು ನನಗೆ ಚೆನ್ನಾಗಿ ಗೊತ್ತಿದ್ದ ನಗು.

ಊಟವಾದ ಮೇಲೆ ಹತ್ತಿರ ಹೋಗಿ ಕೂತೆ. "ಎಂತ ಸುಮತಿ, ಎತ್ತರ ಸರಿ ಇಲ್ಲವಾ?"

"ಎಲ್ಲ ಸರಿ ಉಂಟು ಟೀಚರ್. ನೀವು ಬೇಜಾರು ಮಾಡ್ಬೇಡಿ. ಕಿಟಕಿಯ ಹತ್ರ ಕೂತು ಯಾರು ಬಂದ್ರು, ಯಾರು ಹೋದ್ರು ನೋಡುವುದಾದ್ರೆ ಮನೆಯಲ್ಲಿಯೇ ನೋಡ್ಬಹುದಲ್ಲ. ಬೀಡಿಯೂ ಮಾತಾಡುವುದಿಲ್ಲ, ಇಲ್ಲಿ ಮೇಲೆ ಕೂತ್ರೆ ಇವರೂ ಮಾತಾಡುವುದಿಲ್ಲ. ಬಸ್ಸಿಗೆ ಯಾಕೆ ಓಡುವುದು?"

ನೆಲಕ್ಕೆ ಹೋದರೆ ಬೆನ್ನು ಹೋಗುತ್ತದೆ, ಮೇಜಿಗೆ ಬಂದರೆ ಸಂಗ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಹಾಗಾದರೆ ಎಲ್ಲರನ್ನೂ ಮೇಲಕ್ಕೆತ್ತುವ ಎಂದು ಯೋಚಿಸಿ ಎಂಟು ಕುರ್ಚಿ, ಉದ್ದ ಮೇಜಿನ ಪ್ರಸ್ತಾಪ ಇಟ್ಟೆ. ಶೆಟ್ರು ಒಪ್ಪಿದರು. ಗಿರಿಜಕ್ಕ ಒಪ್ಪಲಿಲ್ಲ.

"ಕಾಲು ಮಡಚದೆ ನನಗೆ ಚೂರಿಯೇ ಓಡುವುದಿಲ್ಲ. ಕುರ್ಚಿಯಲ್ಲಿ ಕೂತ್ರೆ ಆಸ್ಪತ್ರೆಯಲ್ಲಿ ಚೀಟಿಗೆ ಕಾದ ಹಾಗೆ ಆಗ್ತದೆ. ಬೇಡ ಮಾರಾಯ್ತಿ."

ಉಳಿದವರು ಗಿರಿಜಕ್ಕನ ಪಕ್ಷ. ಶೆಟ್ರು ನನ್ನನ್ನೇ ನೋಡಿದರು. ಸುಮತಿ ಆ ತಿಂಗಳ ಕೊನೆಯವರೆಗೆ ಮಾತ್ರ ಇರುವುದಾಗಿ ಒಪ್ಪಿಕೊಂಡಳು.

ನನಗೆ ಏನೂ ಹೊಳೆಯಲಿಲ್ಲ. ಕೇಳಲು ಯಾರೂ ಇಲ್ಲ, ಪಿಂಟೊ ಸಾರ್ ಕಣ್ಣಿನ ಆಪರೇಶನ್ ಮಾಡಿಸಿಕೊಂಡು ಮನೆಯಲ್ಲಿದ್ದರು. ಬಂಟ್ವಾಳ ಪೇಟೆಯಲ್ಲಿ ಹಸನಬ್ಬ ಎಂಬವರ ಹಳೆಯ ದಿನಸಿ ಅಂಗಡಿ ಇತ್ತು. ಬಸ್ಸು ತಡವಾದರೆ ನಾನು ಅಲ್ಲಿ ಕೂರುತ್ತಿದ್ದೆ. ಎತ್ತರದ ಜಗಲಿಯ ಅಂಗಡಿ. ಹಸನಬ್ಬ ಒಳಗೆ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಮೆಣಸು ಕಟ್ಟುತ್ತಿದ್ದರು. ಆ ಸಂಜೆಯೂ ನಾನು ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದೆ.

"ಎಂತ ಟೀಚರೇ, ಇವತ್ತು ಮುಖ ಸಣ್ಣ ಆಗಿದೆ?" ಎಂದು ಹಸನಬ್ಬ ಬೆಲ್ಲದ ಚೂರೊಂದನ್ನು ಕೈ ಚಾಚಿ ಕೊಟ್ಟರು. ನಾನು ಕೈ ಚಾಚಿ ತೆಗೆದುಕೊಂಡೆ. ಬೆಲ್ಲ ಬಾಯಿಗೆ ಹಾಕುವುದನ್ನೂ ಮರೆತು ಅವರ ಮಡಚಿದ ಕಾಲನ್ನೂ ನನ್ನ ಇಳಿಬಿಟ್ಟ ಕಾಲನ್ನೂ ನೋಡಿದೆ. ಅವರ ಭುಜವೂ ನನ್ನ ಭುಜವೂ ಒಂದೇ ಎತ್ತರದಲ್ಲಿದ್ದವು. ನಾನು ಹುಟ್ಟಿದ ಮನೆಯಲ್ಲೂ ಜಗಲಿ ಇತ್ತು. ಅಜ್ಜಿ ಮಡಚಿ ಕೂರುತ್ತಿದ್ದರು, ಬಂದವರು ಇಳಿಬಿಟ್ಟು ಕೂರುತ್ತಿದ್ದರು, ಮಾತು ಸಮನಾಗಿ ಓಡಾಡುತ್ತಿತ್ತು. ಪುಸ್ತಕಗಳಲ್ಲಿ ಕುರ್ಚಿಯ ಬಗ್ಗೆ ಅಧ್ಯಾಯಗಳಿದ್ದವು, ಜಗಲಿಯ ಬಗ್ಗೆ ಒಂದು ಸಾಲು ಇರಲಿಲ್ಲ. ಇರುವುದಾದರೂ ಹೇಗೆ, ಬರೆದವರು ಜಗಲಿಯಲ್ಲಿ ಕೂತವರಲ್ಲ.

ಶೆಟ್ರಿಗೆ ಹೇಳಿದ ವಾರದೊಳಗೆ ಮರದ ಜಗಲಿ ಸಿದ್ಧವಾಯಿತು. ಕುರ್ಚಿಯಷ್ಟು ಎತ್ತರ, ಎಂಟು ಜನ ಸುತ್ತ ಕೂರುವಷ್ಟು ಅಗಲ. ಏಳು ಜನ ಹತ್ತಿ ಮಡಚಿ ಕೂತರು. ಸುಮತಿ ಅಂಚಿನಲ್ಲಿ ಇಳಿಬಿಟ್ಟು ಕೂತಳು, ಮುಖ ಹೊರಗೆ, ಬೆನ್ನು ರಾಶಿಗೆ. ಆ ದಿನ ಕಪ್ಪು ಕನ್ನಡಕ ಹಾಕಿಕೊಂಡೇ ಪಿಂಟೊ ಸಾರ್ ಬಂದಿದ್ದರು. "ಎಲ್ಲರಿಗೂ ಬೆನ್ನು ಹಾಕಿ ಕೂತ್ರೆ ಎಂತ ಪ್ರಯೋಜನ?" ಎಂದವರೇ ಬಡಗಿಯ ಕೈಯಿಂದ ಗರಗಸ ತೆಗೆದುಕೊಂಡರು. ಅವಳು ಕೂರುವ ಜಾಗದ ಒಳಬದಿಗೆ, ರಾಶಿಯ ಕಡೆ, ಹಲಗೆಯಲ್ಲಿ ಕಾಲು ಇಳಿಯುವಷ್ಟು ಅಗಲದ ಒಂದು ಕಂಡಿ ಕೊಯ್ದರು, ಒಳಗೆ ಪಾದ ಊರಲು ಪಟ್ಟಿ ಹೊಡೆದರು. ಈಗ ಅವಳು ಅಂಚಿನಲ್ಲಿ ಕೂತು, ಕಾಲನ್ನು ಕೈಯಿಂದ ಎತ್ತಿ, ಒಳಕ್ಕೆ ತಿರುಗಿ, ಕಂಡಿಯಲ್ಲಿ ಇಳಿಬಿಟ್ಟರೆ ಆಯಿತು. ರಾಶಿ ಎದುರಿಗೆ, ಎಲ್ಲರೂ ಎದುರಿಗೆ.

ಮಧ್ಯಾಹ್ನ ಗಿರಿಜಕ್ಕ ಮುಚ್ಚಳ ಎಡಗಡೆಗೆ ಚಾಚಿ, "ಹಿಡಿ, ಬಸಳೆ. ಖಾರ ಜಾಸ್ತಿ ಅಂತ ಹೇಳಿದ್ರೆ ನೋಡು" ಎಂದು ಸುಮತಿಯನ್ನು ಗದರಿದರು. ಬಹುವಚನ ಹೋಗಿತ್ತು. ಸುಮತಿ ತಿಂಗಳ ಕೊನೆಗೆ ಹೋಗಲಿಲ್ಲ. ಇನ್ನೊಂದು ಲಾಭವೂ ಆಯಿತು. ನೆಲದಿಂದ ಏಳುವಾಗ ಮಂಡಿ ಹಿಡಿದುಕೊಳ್ಳುತ್ತಿದ್ದ ಗಿರಿಜಕ್ಕ ಈಗ ಜಾರಿ ಇಳಿದು ನಿಲ್ಲುತ್ತಿದ್ದರು. ಒಬ್ಬಳ ಕಾಲಿಗೆ ಮಾಡಿದ್ದು ಉಳಿದ ಏಳು ಜನರ ಮಂಡಿಗೂ ಒದಗಿತು. ಮಕ್ಕಳೇ, ನಿಮ್ಮ ಪರೀಕ್ಷೆಗೆ ಇದನ್ನೇ ದೊಡ್ಡ ಇಂಗ್ಲಿಷಿನಲ್ಲಿ ಕೇಳುತ್ತಾರೆ. ಇಷ್ಟು ಬರೆದರೆ ಸಾಕು.

ಆ ಮೊದಲ ದಿನದ ಊಟಕ್ಕೆ ಅವರು ನನ್ನನ್ನೂ ಕರೆದರು. "ಬನ್ನಿ ಟೀಚರ್, ಕೂತ್ಕೊಳ್ಳಿ, ಊಟ ಮಾಡುವ" ಎಂದು ಗಿರಿಜಕ್ಕ ಎರಡೆರಡು ಸಲ ಕರೆದರು. ನಾನು ಬೆಳ್ತಂಗಡಿಗೆ ಬಸ್ಸು ಹಿಡಿಯಬೇಕೆಂದು ಹೇಳಿ ಹೊರಟೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಜಾಗ ಸಾಲದು, ಎಂಟು ಜನಕ್ಕೆ ಅಳೆದು ಮಾಡಿದ್ದು, ಎಂದು ಏನೋ ಒಂದು ಲೆಕ್ಕ ನನ್ನ ತಲೆಯಲ್ಲಿ.

ಆಮೇಲೆ ಪಿಂಟೊ ಸಾರ್ ತೀರಿಕೊಂಡರು. ಅವರ ಜಾಗಕ್ಕೆ ಬಂದವರು ಮೆಟ್ಟಿಲಿನ ಕಚೇರಿ ಬಿಟ್ಟು ಲಿಫ್ಟಿನ ಕಚೇರಿಗೆ ಹೋದರು, ಒಳ್ಳೆಯದೇ ಆಯಿತು. ವರದಿಗಳೆಲ್ಲ ಕಂಪ್ಯೂಟರಿಗೆ ಬಂದವು. ಜಾಗ ನೋಡಲು ಹೋಗುವುದು ಕಡಿಮೆಯಾಗಿ, ಫೋಟೋ ಕಳಿಸಿ ಎನ್ನುವುದು ಜಾಸ್ತಿಯಾಯಿತು. ನಾನು ನಿವೃತ್ತಳಾದೆ. ಹೂವಿನ ಹಾರ, ಶಾಲು, ಸ್ವಲ್ಪ ಭಾಷಣ. ಆ ಮೇಲೆ ಫೋನು ಬರುವುದು ನಿಂತಿತು. ಬೆಳಿಗ್ಗೆ ಎದ್ದು ಹೊರಡಲು ಎಲ್ಲಿಗೂ ಇಲ್ಲ ಎಂಬುದು ಅಭ್ಯಾಸವಾಗುವುದಕ್ಕೆ ಬಹಳ ಕಾಲ ಹಿಡಿಯಿತು, ಈಗಲೂ ಆಗಿದೆ ಎನ್ನಲಾರೆ.

ಹೋದ ಬೇಸಗೆಯಲ್ಲಿ ಒಂದು ದಿನ ಸುಮತಿಯ ಫೋನು. "ಟೀಚರ್, ನಿಮಗೆ ಈಗ ಪುರುಸೊತ್ತು ಅಲ್ಲವಾ? ಒಮ್ಮೆ ಟೇಪು ಹಿಡ್ಕೊಂಡು ಬರ್ಲಿಕ್ಕೆ ಆಗ್ತದಾ?"

ಹುಡುಕಿದರೆ ಟೇಪು ಅಡುಗೆಮನೆಯ ಡಬ್ಬದಲ್ಲಿತ್ತು. ಬಸ್ಸು ಹಿಡಿದು ಹೋದೆ.

ಕಾರ್ಖಾನೆ ಗುರುತು ಸಿಗದಷ್ಟು ಬದಲಾಗಿತ್ತು. ಗಾಳಿಯ ಒತ್ತಡದಿಂದ ಸಿಪ್ಪೆ ಹಾರಿಸುವ ಯಂತ್ರಗಳು ಬಂದಿದ್ದವು. ಎಂಟು ಹೆಂಗಸರು ದಿನವಿಡೀ ಬಿಡಿಸುವುದನ್ನು ಅವು ಚಹಾ ಕುಡಿದು ಮುಗಿಸುವುದರೊಳಗೆ ಬಿಡಿಸುತ್ತವೆ. ಗಿರಿಜಕ್ಕ ಮನೆಯಲ್ಲಿದ್ದಾರೆ. ಇಬ್ಬರು ಹಾಸ್ಟೆಲಿನ ಅಡುಗೆಗೆ, ಒಬ್ಬಳು ಬಟ್ಟೆ ಅಂಗಡಿಗೆ, ಉಳಿದವರು ಬೀಡಿಗೆ. ಯಂತ್ರದಿಂದ ತಪ್ಪಿಸಿಕೊಂಡು ಅಲ್ಲಲ್ಲಿ ಸಿಪ್ಪೆ ಉಳಿದ ತಿರುಳನ್ನು ಕೈಯಿಂದ ಬಿಡಿಸಲು ಒಬ್ಬರು ಸಾಕು. ಶೆಟ್ರು ಸುಮತಿಯನ್ನು ಉಳಿಸಿಕೊಂಡಿದ್ದರು. "ಬೇರೆಯವರಿಗೆ ಎಲ್ಲಿಯಾದ್ರೂ ಕೆಲಸ ಸಿಗ್ತದೆ ಟೀಚರ್. ಅವಳಿಗೆ ಹೊಂದುವ ಜಾಗ ಇದೊಂದೇ. ಅದಕ್ಕೆ ಅವಳನ್ನು ಬಿಡ್ಲಿಲ್ಲ" ಎಂದು ಬಾಗಿಲಲ್ಲೇ ಹೇಳಿದರು. ಅವರ ಮನಸ್ಸು ಶುದ್ಧವಾಗಿಯೇ ಇತ್ತು.

ಅಷ್ಟು ದೊಡ್ಡ ಜಗಲಿಯ ಒಂದು ಮೂಲೆಯಲ್ಲಿ, ಕಂಡಿಯಲ್ಲಿ ಕಾಲಿಳಿಬಿಟ್ಟು, ಸುಮತಿ ಒಬ್ಬಳೇ ಕೂತಿದ್ದಳು. ಮುಂದೆ ಸಣ್ಣ ರಾಶಿ. ಉಳಿದ ಹಲಗೆಯೆಲ್ಲ ಖಾಲಿ, ಏಳು ಕಡೆ ಕೂತು ಕೂತು ನುಣುಪಾದ ಗುರುತು ಹಾಗೆಯೇ ಇತ್ತು. ಕೂದಲು ಬೆಳ್ಳಗಾಗಿತ್ತು ಅವಳದ್ದು, ನನ್ನದೂ. ಅಭ್ಯಾಸಬಲದಿಂದ ಮೊದಲು ಅಳತೆ ನೋಡಿದೆ. ಮೊಣಕೈ, ಬೆನ್ನು, ಪಾದ, ಬೆಳಕು ಎಲ್ಲವೂ ಸರಿ ಇದ್ದವು. ಒಂದಾದರೂ ತಪ್ಪಿದ್ದರೆ ಒಳ್ಳೆಯದಿತ್ತು ಎನಿಸಿತು.

"ನೋವು ಉಂಟಾ?"

"ಇಲ್ಲ."

"ಬಿಡುವ ಮನಸ್ಸು ಉಂಟಾ?"

"ಬಿಟ್ರೆ ಜನ ಎಂತ ಹೇಳಿಯಾರು? ಧನಿಗಳು ಎಲ್ಲರನ್ನು ಕಳಿಸಿ ನನ್ನನ್ನು ಇಟ್ಕೊಂಡಿದ್ದಾರೆ. ಬಿಟ್ಟು ಹೋಗುವುದು ಎಲ್ಲಿಗೆ? ಆ ಹಿಂದಿನ ಚಾವಡಿಗೆ." ಅವಳು ಕೈಯಲ್ಲಿದ್ದ ತಿರುಳಿನ ಸಿಪ್ಪೆ ಬಿಡಿಸಿ ಪಕ್ಕಕ್ಕಿಟ್ಟಳು. ಆಮೇಲೆ ಹೇಳಿದಳು, "ಟೀಚರ್, ಈ ಜಗಲಿಯನ್ನು ಸಣ್ಣ ಮಾಡ್ಲಿಕ್ಕೆ ಆಗ್ತದಾ? ನನ್ನ ಒಬ್ಬಳಿಗೆ ಆಗುವಷ್ಟು. ಊಟಕ್ಕೆ ಕೂತಾಗ ಇಷ್ಟು ಉದ್ದ ಖಾಲಿ ಕಾಣ್ತದೆ. ಕಣ್ಣೆದುರು ಇಲ್ಲದಿದ್ರೆ ಅಷ್ಟು ಗೊತ್ತಾಗ್ಲಿಕ್ಕಿಲ್ಲ."

ಇದಕ್ಕೇ ಕರೆಸಿದ್ದಳು. ಇಷ್ಟು ವರ್ಷದಲ್ಲಿ ಜಾಗ ಸಾಲದು ಎಂದು ಕರೆದವರ ಹತ್ತಿರವೇ ಹೋಗಿದ್ದೆ. ಜಾಗ ಹೆಚ್ಚಾಯಿತು ಎಂದು ಕರೆದವಳು ಇವಳೊಬ್ಬಳು. ಶೆಟ್ರು, "ಅದಕ್ಕೇನು, ನಾಳೆಯೇ ಬಡಗಿಗೆ ಹೇಳ್ತೇನೆ, ನೀವು ಗುರುತು ಹಾಕಿಕೊಡಿ" ಎಂದು ಸೀಮೆಸುಣ್ಣ ಕೊಟ್ಟು ಹೋದರು.

ಒಬ್ಬಳಿಗೆ ಎಷ್ಟು ಬೇಕು ಎಂಬುದಕ್ಕೆ ನನಗೆ ಟೇಪು ಬೇಕಿರಲಿಲ್ಲ. ಒಂದು ಬುತ್ತಿ, ಒಂದು ಲೋಟ, ಮೊಣಕೈ ಆಡುವಷ್ಟು ಜಾಗ. ನನ್ನ ಅಡುಗೆಮನೆಯ ಮೇಜು ಅಷ್ಟೇ ಇದೆ. ಆದರೂ ಟೇಪಿನ ತುದಿಯನ್ನು ಸುಮತಿಯ ಕೈಗೆ ಕೊಟ್ಟೆ. ಅವಳು ಕಂಡಿಯ ಅಂಚಿಗೆ ಒತ್ತಿ ಹಿಡಿದಳು. ನಾನು ಹಲಗೆಯ ಮೇಲೆ ಹಿಂದೆ ಹಿಂದೆ ಸರಿದು, ನಿಂತು, ಗೆರೆ ಎಳೆದೆ.

ಸುಮತಿ ಗೆರೆಯನ್ನು ನೋಡಿದಳು. ಅವಳಿಗೂ ಅಷ್ಟು ವರ್ಷದಿಂದ ಆ ಹಲಗೆಯ ಲೆಕ್ಕ ಗೊತ್ತಿತ್ತು.

"ಇದು ಜಾಸ್ತಿ ಆಯ್ತು ಟೀಚರ್. ಇಷ್ಟಿದ್ರೆ ಇಬ್ಬರು ಕೂತ್ಕೊಳ್ಬಹುದು."

"ಹೌದು" ಎಂದೆ. "ನನಗೆ ಬುಧವಾರ ಬೇರೆ ಎಲ್ಲಿಗೂ ಹೋಗ್ಲಿಕ್ಕಿಲ್ಲ. ಗುರುವಾರವೂ ಇಲ್ಲ."

ಅವಳು ಟೇಪಿನ ತುದಿಯನ್ನು ಹಿಡಿದುಕೊಂಡೇ ಇದ್ದಳು. ಯಂತ್ರಗಳ ಸದ್ದು ಜೋರಾಗಿತ್ತು, ಹಾಗಾಗಿ ಅವಳು ಮುಂದೆ ಕೇಳಿದ್ದನ್ನು ಸರಿಯಾಗಿ ಕೇಳಿಸಿಕೊಳ್ಳಲು ನಾನು ಜಗಲಿಯ ಮೇಲೆ ಅವಳ ಪಕ್ಕಕ್ಕೆ ಸರಿದು ಕೂರಬೇಕಾಯಿತು.

"ಎಂತ ಪದಾರ್ಥ ತರ್ತೀರಿ?"